ಯಾವ ಮಾಫಿ

ಈ ಅರಬ್ ದೇಶದ ಫೆಡರಲ್ ಕೋರ್ಟಿನಲ್ಲಿ ಕನ್ನಡ, ತುಳು ಮಾತಾಡುವವರ ಕೇಸು ಬಂದಾಗ ಅನುವಾದಕ್ಕೆ ನನ್ನನ್ನು ಕರೆಸುತ್ತಿದ್ದರು. ಹೆಚ್ಚಾಗಿ ನಾನು ನಿಲ್ಲುತ್ತಿದ್ದುದು ಒಬ್ಬ ನ್ಯಾಯಾಧೀಶರ ಪೀಠದ ಪಕ್ಕದಲ್ಲಿ. ಅವರೂ ಇಲ್ಲಿಯವರಲ್ಲ. ನೈಲ್ ನದಿ ದಂಡೆಯ ಒಂದು ಊರಿನಿಂದ ಕಾಂಟ್ರಾಕ್ಟಿನ ಮೇಲೆ ಬಂದವರು. ಮೊದಲು ಬಾಡಿಗೆ, ಸಂಬಳದ ತಕರಾರು ಕೇಳುತ್ತಿದ್ದರು. ಕೊನೆಯ ವರ್ಷಗಳಲ್ಲಿ ಕೊಲೆ ಪ್ರಕರಣಗಳ ಮೂವರ ಪೀಠದ ಮುಖ್ಯಸ್ಥರಾದರು. ನಮ್ಮ ಹಾಗೆ ಅವರಿಗೂ ವೀಸಾದ ಚಿಂತೆ ಇತ್ತು. ಕಾರಿಡಾರಿನಲ್ಲಿ ಸಿಕ್ಕರೆ, ನಿಮ್ಮದು ರಿನ್ಯೂ ಆಯಿತೇ, ನನ್ನನ್ನಂತೂ ಇನ್ನೂ ಓಡಿಸಿಲ್ಲ ಎಂದು ನಗುತ್ತಿದ್ದರು.

ಇಲ್ಲಿಯ ಕಾನೂನಿನಲ್ಲಿ ಕೊಲೆಯಾದವನ ಮನೆಯವರು ಕ್ಷಮಿಸಿದರೆ ಮರಣದಂಡನೆ ತಪ್ಪುತ್ತದೆ. ಕ್ಷಮಿಸುತ್ತೀರಾ ಎಂಬ ಪ್ರಶ್ನೆಯನ್ನು ನ್ಯಾಯಾಧೀಶರು ಅವಸರದಿಂದ ಕೇಳುತ್ತಿರಲಿಲ್ಲ. ಮೊದಲು ಸತ್ತವನ ಬಗ್ಗೆ ವಿಚಾರಿಸುವರು: ಹೇಗಿದ್ದ, ಏನು ಇಷ್ಟಪಡುತ್ತಿದ್ದ. ಮನೆಯವರು ಅತ್ತು ಹಗುರಾದ ಮೇಲೆ ಕೇಳುವರು. ಹಾಗಾಗಿ ಅವರ ಪೀಠದಿಂದ ಆವರೆಗೆ ಒಂದೂ ಮರಣದಂಡನೆ ಹೊರಬಿದ್ದಿರಲಿಲ್ಲ. ಅವರು ಇದನ್ನು ಹೇಳಿಕೊಂಡವರಲ್ಲ. ಕೋರ್ಟಿನ ಗುಮಾಸ್ತರು ಹೇಳುತ್ತಿದ್ದರು. ನಿವೃತ್ತಿ ಹತ್ತಿರವಾದಾಗ ನಮ್ಮ ಕರಾವಳಿಯವರದೇ ಒಂದು ಕೇಸು ಬಂತು.

ಒಂದೇ ರೂಮಿನಲ್ಲಿದ್ದ ಇಬ್ಬರು ಯುವಕರು. ಅಡುಗೆಯ ಸರದಿಯ ಬಗ್ಗೆ ಜಗಳವಾಗಿ ಒಬ್ಬ ಇನ್ನೊಬ್ಬನನ್ನು ಇರಿದಿದ್ದ. ಸತ್ತವನಿಗೆ ತಾಯಿ ಇರಲಿಲ್ಲ, ಹೆಂಡತಿ ಮಕ್ಕಳಿರಲಿಲ್ಲ. ತೀರ್ಮಾನ ಅಪ್ಪನೊಬ್ಬರದೇ. ಅವರು ಮಂಗಳೂರಿನಿಂದ ವಿಡಿಯೋದಲ್ಲಿ ಬಂದರು. ಬಹಳ ವರ್ಷ ಇದೇ ದೇಶದ ಅಲ್ ಐನ್‌ನಲ್ಲಿ ಶಾಲೆಯ ಬಸ್ಸು ಓಡಿಸಿ ಊರಿಗೆ ಮರಳಿದವರು.

ನ್ಯಾಯಾಧೀಶರು ಎಂದಿನಂತೆ ಮಗನ ಬಗ್ಗೆ ಕೇಳಿದರು. ಬಂಗುಡೆ ಸಾರು ಇಲ್ಲದಿದ್ದರೆ ಊಟಕ್ಕೇ ಕೂರುತ್ತಿರಲಿಲ್ಲ ಎಂದರು ಅಪ್ಪ. ಬಂಗುಡೆ ಒಂದು ಮೀನು ಎಂದು ನಾನು ವಿವರಿಸಿದೆ. ನ್ಯಾಯಾಧೀಶರು ತಲೆಯಾಡಿಸಿ ತುಸು ಕಾದರು. ಆಮೇಲೆ ಪ್ರಶ್ನೆ ಕೇಳಿದರು. ಅವನನ್ನು ಕ್ಷಮಿಸುತ್ತೀರಾ ಎಂದು ನಾನು ಕನ್ನಡದಲ್ಲಿ ಹೇಳಿದೆ.

ಅಪ್ಪ ಒಂದೇ ಮಾತು ಹೇಳಿದರು.

"ಮಾಫಿ."

ಕಟಕಟೆಯಲ್ಲಿದ್ದ ಆರೋಪಿ ಕೈಮುಗಿದು ಕುಸಿದು ಕುಳಿತ. ಅಳುತ್ತಾ, ನೀವೇ ನನ್ನ ದೇವರು ಎಂದ. ಅದೇ ಗಳಿಗೆಯಲ್ಲಿ ನ್ಯಾಯಾಧೀಶರು ಕಣ್ಣು ಮುಚ್ಚಿಕೊಂಡರು. ಇಬ್ಬರೂ ಅನುವಾದಕ್ಕೆ ಕಾದಿರಲಿಲ್ಲ. ಊರಿನಲ್ಲಿ ಮಾಫಿ ಎಂದರೆ ಕ್ಷಮೆ. ಇಲ್ಲಿಯ ಬೀದಿಯ ಅರಬ್ಬಿಯಲ್ಲಿ ಇಲ್ಲ ಎಂದು ಅರ್ಥ: ಪಾರ್ಕಿಂಗ್ ಮಾಫಿ, ರಜೆ ಮಾಫಿ. ಎರಡೂ ಅರ್ಥ ಒಟ್ಟಿಗೆ ಕೇಳಿಸಿದ್ದು ಆ ಹಾಲಿನಲ್ಲಿ ನನಗೊಬ್ಬಳಿಗೇ. ಪರದೆಯ ಮೇಲಿದ್ದ ಆ ಅಪ್ಪನಿಗೂ ಎರಡೂ ಗೊತ್ತಿತ್ತು.

ಆರೋಪಿಯ ಅಳು ಕೇಳಿ ನ್ಯಾಯಾಧೀಶರು ಗೊಂದಲದಿಂದ ನನ್ನತ್ತ ನೋಡಿದರು. ನಾನು ವಿಷಯ ಹೇಳಿ, ಅಪ್ಪನನ್ನು ಇನ್ನೊಮ್ಮೆ ಕೇಳಲು ಅನುಮತಿ ಬೇಡಿದೆ. ನ್ಯಾಯಾಧೀಶರ ಮುಖ ಅರಳಿದ್ದನ್ನು ಕಂಡೆ. ಅದನ್ನು ಕಾಣಬಾರದಿತ್ತು ಎಂದು ಈಗಲೂ ಅನಿಸುತ್ತದೆ.

"ಯಾವ ಮಾಫಿ ಅಂತ ಬಿಡಿಸಿ ಹೇಳಿ," ಎಂದೆ. "ನಮ್ಮದೋ, ಅರಬ್ಬಿಯದ್ದೋ?"

"ಅರಬ್ಬಿಯದ್ದು," ಎಂದರು. "ಅಲ್ಲಿ ಇದ್ದಷ್ಟು ವರ್ಷ ನಾನು ಏನು ಕೇಳಿದ್ರೂ ಅದೇ ಸಿಕ್ಕಿದ್ದು. ಹೆಂಡತಿ ತೀರಿಹೋದಾಗ ರಜೆ ಕೇಳಿದೆ, ಮಾಫಿ. ಈಗ ನನ್ನ ಹತ್ರ ಕೇಳ್ತಾರಲ್ಲ ಇವರು. ಮಾಫಿ."

ನ್ಯಾಯಾಧೀಶರು ವಿಚಾರಣೆ ಮುಂದೂಡಿದರು. ಮತ್ತೆ ಕೇಳಿದರು, ಮತ್ತೆ ಮುಂದೂಡಿದರು. ಉತ್ತರ ಬದಲಾಗಲಿಲ್ಲ. ಪೀಠದ ಉಳಿದಿಬ್ಬರು, ಇನ್ನು ದಾರಿ ಇಲ್ಲ ಎಂದರು. ಮರಣದಂಡನೆಯ ತೀರ್ಪನ್ನು ಮುಖ್ಯಸ್ಥರಾದ ಅವರೇ ಓದಬೇಕಾಯಿತು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

"ಅಕ್ಕಾ, ಮೊದಲು ಅಂದದ್ದು ನಮ್ಮ ಮಾಫಿಯೇ ಅಲ್ವಾ?" ಎಂದ ಆರೋಪಿ. ಅವನು ಏನು ಕೇಳುತ್ತಿದ್ದಾನೆ ಎಂದು ನ್ಯಾಯಾಧೀಶರು ವಿಚಾರಿಸಿದರು. ಅನುವಾದಿಸಿದೆ. ಅವರು ಕಡತ ಮುಚ್ಚಿ ಎದ್ದರು.

ನಿವೃತ್ತರಾದ ಮೇಲೂ ನ್ಯಾಯಾಧೀಶರು ಇಲ್ಲಿಯ ಮಿರ್ದಿಫ್‌ನ ಮನೆ ಬಿಟ್ಟು ಊರಿಗೆ ಹೋಗಲಿಲ್ಲ. ಮೇಲ್ಮನವಿಯಲ್ಲೂ ಶಿಕ್ಷೆ ಉಳಿದಿತ್ತು. ಆದರೆ ಶಿಕ್ಷೆ ಜಾರಿಯಾಗುವವರೆಗೂ ಅಪ್ಪ ಕ್ಷಮಿಸಬಹುದಿತ್ತು. ಒಂದು ಶುಕ್ರವಾರ ನ್ಯಾಯಾಧೀಶರು ನನಗೆ ಫೋನ್ ಮಾಡಿ, ಈಗ ನಾನು ಯಾರೂ ಅಲ್ಲ, ಮಗನಿರುವ ಒಬ್ಬ ಮನುಷ್ಯನಾಗಿ ಅವರನ್ನು ಕೇಳಿಕೊಳ್ಳಬೇಕು, ನಡುವೆ ನೀವಿರಿ ಎಂದರು. ಅಪ್ಪನಿಗೆ ಮೊದಲೇ ತಿಳಿಸಿದೆ. ಅವರು ಒಪ್ಪಿದರು. ಮೂವರೂ ಲೈನಿನಲ್ಲಿದ್ದೆವು.

ನ್ಯಾಯಾಧೀಶರು ಬೇಡಿಕೊಂಡರು. ನಾನು ಬೇಡಿಕೆಯ ಸ್ವರದಲ್ಲೇ ಕನ್ನಡಕ್ಕೆ ತಂದೆ. ಅಪ್ಪ ಪೂರ್ತಿ ಕೇಳಿಸಿಕೊಂಡರು.

"ಅವರು ಅವರ ಕೆಲಸ ಸರಿಯಾಗಿ ಮಾಡಿದ್ದಾರೆ ಅಂತ ಹೇಳಿ," ಎಂದರು. "ನನ್ನ ಮಗನ ಬಗ್ಗೆ ಕೇಳಿದವರು ಅವರೊಬ್ಬರೇ. ಉಪಕಾರ ಆಯ್ತು ಅಂತ ಹೇಳಿ."

ಕ್ಷಮೆಯ ಮಾತೆತ್ತದೆ ಫೋನ್ ಇಟ್ಟರು. ನಾನು ಅಷ್ಟನ್ನೂ ಅರಬ್ಬಿಯಲ್ಲಿ ಹೇಳಿದೆ. ತಮಗೆ ಸರಿಯಾಗಿ ಕೇಳಿಸಲಿಲ್ಲವೆಂದು ನ್ಯಾಯಾಧೀಶರು ಇನ್ನೊಮ್ಮೆ ಹೇಳಿಸಿದರು. ಇನ್ನೊಮ್ಮೆ ಹೇಳಿದೆ.