ಕೆಂಪು ಕಪ್ಪೆಗೆ ಬಿದ್ದ ಮೀನು

ಬೆನ್ನ ಹಿಂದೆ ಯಾರೋ ನಿಂತಂತಾಗಿ ತಿರುಗಿ ನೋಡಿದೆ. ಹಣೆ ತುಂಬ ವಿಭೂತಿ ಇಟ್ಟ ಮುದುಕರೊಬ್ಬರು, ಕೊರಳಲ್ಲಿದ್ದ ಲಿಂಗದ ಕರಡಿಗೆಗೆ ಮೀನಿನ ಸಂಗತಿ ಕಾಣಬಾರದೆಂಬಂತೆ ಅದನ್ನು ವಲ್ಲಿಯಿಂದ ಮುಚ್ಚಿಕೊಂಡು, ನನ್ನ ಗಾಳದ ಡಬ್ಬಿಯೊಳಗೆ ಬಗ್ಗಿ ನೋಡುತ್ತಿದ್ದರು.

ಎಪ್ಪತ್ತರ ದಶಕದ ಮಾತು. ತಾಳ್ಯದ ಹತ್ತಿರದ ಆ ಕೆರೆ ನನಗೆ ಹೊಸದು. ಜೊಂಡು ದಟ್ಟವಾಗಿದ್ದರಿಂದ ಉದ್ದನೆಯ ಬಿದಿರಿನ ಗಳ ಬಿಟ್ಟು, ರೀಲು ಕಟ್ಟಿದ ಗಿಡ್ಡ ಗಳ ಹಿಡಿದಿದ್ದೆ. ಗಾಳಕ್ಕೆ ಕಟ್ಟಿದ ಹೊಳೆಯುವ ತಗಡಿನ ಹುಸಿಮೀನನ್ನು ಬೆಳಗಿನಿಂದ ಎಸೆದೂ ಎಸೆದೂ ತೋಳು ಸೋತಿತ್ತು. ಹೊಳಲ್ಕೆರೆಯಲ್ಲಿ ಭಾವನ ಮನೆಯವರು ನನ್ನ ಮಾತು ನಂಬಿ ಮಸಾಲೆ ಅರೆದಿಟ್ಟಿದ್ದರು.

“ನಾವು ತಿನ್ನಾರಲ್ಲ ಬಿಡ್ರಿ. ಹೆಂಗೆ ಹಿಡೀತೀರಿ ನೋಡಾಣ ಅಂತ ಬಂದೆ,” ಎಂದು ಮುದುಕರು ಪಕ್ಕದಲ್ಲೇ ಕುಂತರು. ಡಬ್ಬಿಯಲ್ಲಿದ್ದ ಹುಸಿಮೀನು, ಹುಸಿಕಪ್ಪೆಗಳಲ್ಲಿ ಯಾವುದು ಕಟ್ಟಲಿ ಎಂದು ತಮಾಷೆಗೆ ಕೇಳಿದೆ. ಬಣ್ಣ ಹಿಡಿಸಿತೇನೋ, ರಬ್ಬರಿನ ಕೆಂಪು ಕಪ್ಪೆಯನ್ನು ತೋರಿಸಿದರು. ಅಂಥ ಕಪ್ಪೆ ಯಾವ ಕೆರೆಯಲ್ಲೂ ಇರಲಾರದು. ಆದರೂ ಕಟ್ಟಿ ಜೊಂಡಿನ ಅಂಚಿಗೆ ಎಸೆದೆ. ನೀರು ಸೀಳಿಕೊಂಡು ಬಂದ ಮೊಳದುದ್ದದ ಕೊರಮೀನು ಅದನ್ನು ಕಚ್ಚಿತು.

ದಡದಲ್ಲೇ ಮೀನು ಹಸನು ಮಾಡುವಾಗಲೂ ಅವರು ಎದ್ದು ಹೋಗಲಿಲ್ಲ. ಹೊಟ್ಟೆ ಸೀಳಿದರೆ ಒಳಗೆ ಆಗತಾನೇ ನುಂಗಿದ ಸಣ್ಣ ಮೀನುಗಳು ಒತ್ತಾಗಿ ತುಂಬಿದ್ದವು.

“ಹೊಟ್ಟೆ ತುಂಬೈತಲ್ರಿ. ಮತ್ಯಾಕೆ ಬಾಯಿ ಹಾಕ್ತು, ಸಿಟ್ಟಿಗಾ?” ಎಂದು ಕೇಳಿ, ಉತ್ತರಕ್ಕೆ ಕಾಯುತ್ತ ನನ್ನ ಮುಖವನ್ನೇ ನೋಡಿದರು. ನಾನು ಕೆಂಪು ಕಪ್ಪೆಯನ್ನು ತೊಳೆದು ಡಬ್ಬಿಯಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟೆ.

ಹೊಸ ಕೆರೆಯ ದಂಡೆಯಲ್ಲಿ ಡಬ್ಬಿ ತೆರೆದಾಗ, ಇಲ್ಲಿಯ ಮೀನಿಗೆ ಏನು ಇಷ್ಟ ಎಂದು ಮೊದಲೆಲ್ಲ ಯೋಚಿಸುತ್ತಿದ್ದೆ. ಈಗ, ಅದಕ್ಕೆ ಏನು ಕಂಡರೆ ಆಗುವುದಿಲ್ಲ ಎಂದು ಯೋಚಿಸುತ್ತೇನೆ.