ಓದಿ ಹೇಳುವ ಎಡಿಟರನ್ನು ಕಟ್ಟಿಕೊಟ್ಟವರು

ನಿಘಂಟು ಪಂಡಿತರ ಕೆಲಸವೆಂದು ಲೋಕ ತಿಳಿದಿದೆ. ಆ ಪಂಡಿತರು ಬರೆದದ್ದು ಅಕ್ಷರ ಕೆಡದೆ ಅಚ್ಚಿಗೆ ಹೋಗುವಂತೆ ಇಷ್ಟು ವರ್ಷ ನೋಡಿಕೊಂಡವರು, ನಮ್ಮ ನಿಘಂಟು ಕಚೇರಿಯ ಗಣಕ ವಿಭಾಗದಿಂದ ಇದೀಗ ನಿವೃತ್ತರಾಗುತ್ತಿರುವ ಮಾನ್ಯ ಮೇಲ್ವಿಚಾರಕಿಯವರು. ನಾವು ಬರೆಯಲು ಬಳಸುವ ಎಡಿಟರ್ ಎಂಬ ತಂತ್ರಾಂಶಕ್ಕೆ ಬೇಕಾದ ಪ್ಯಾಕೇಜುಗಳನ್ನು, ಎಂದರೆ ಹೆಚ್ಚುವರಿ ಸೌಲಭ್ಯಗಳನ್ನು, ಸಿದ್ಧರೂಪದಲ್ಲಿ ತಂದು ಹಾಕುವುದು ಅವರಿಗೆ ಒಗ್ಗದ ಸಂಗತಿ. ಅವುಗಳ ಮೂಲ ಬರಹವಾದ ಸೋರ್ಸ್ ಕೋಡನ್ನೇ ತರಿಸಿ, ಓದಿ, ನಮ್ಮ ಲಿಪಿಗೆ ಹೊಂದುವಂತೆ ತಿದ್ದಿ, ತಾವೇ ಕಟ್ಟಿ ಅಳವಡಿಸುತ್ತಿದ್ದರು. 'ಕಟ್ಟೋ ಮೇಡಂ' ಎಂಬ ಹೆಸರು ಬಂದದ್ದು ಹಾಗೆ. ಮೊದಮೊದಲು ಮೂಗು ಮುರಿದವರಲ್ಲಿ ನಮ್ಮ ಉಪಸಂಪಾದಕರೇ ಮುಂದು.

"ಅಂಗಡೀಲಿ ಅಂಗಿ ಸಿಗುತ್ತೆ, ಇವ್ರು ನೂಲು ತೆಗೀತಾ ಕೂತಿದ್ದಾರೆ" ಎನ್ನುತ್ತಿದ್ದರು.

ಅದೇ ಉಪಸಂಪಾದಕರ ಕಣ್ಣು ಮಂಜಾಗತೊಡಗಿತು. ಇನ್ನು ಸುಧಾರಿಸದೆಂದು ವೈದ್ಯರು ಕೈಚೆಲ್ಲಿದರು. ಕೆಲಸ ಹೋದೀತೆಂಬ ದಿಗಿಲಿನಿಂದ ಅವರು ಹೆಂಡತಿಗೆ ಬಿಟ್ಟು ಯಾರಿಗೂ ಬಾಯಿ ಬಿಡಲಿಲ್ಲ. ಕರಡನ್ನು ಮನೆಗೊಯ್ದು ಆಕೆಯಿಂದ ಓದಿಸಿಕೊಳ್ಳುವರು. ಕಚೇರಿಯಲ್ಲಿ ಪರದೆಯತ್ತ ಮುಖ ಮಾಡಿ, ನೆನಪಿನ ಬಲದ ಮೇಲೆ ಕೀಲಿ ಒತ್ತುತ್ತ ಕೂರುವರು.

ಒಂದು ಬೆಳಿಗ್ಗೆ ಮೇಡಂ ಬಂದು ಅವರ ಕೈಗೆ ಹೆಡ್‌ಫೋನ್ ಇಟ್ಟರು. ಕಿವಿಗೇರಿಸಿದ್ದೇ ತಡ, ಎಡಿಟರು ಮಾತಾಡಿತು. ಅವರು ಹಿಂದಿನ ದಿನ ಬರೆದದ್ದನ್ನು ಒತ್ತಕ್ಷರವೊಂದೂ ಬಿಡದೆ ಓದಿತು; ಕಾಣದೆ ಉಳಿಸಿದ್ದ ತಪ್ಪನ್ನು ತಪ್ಪಾಗಿಯೇ ಓದಿತು. ಸಿಕ್ಕಿಬಿದ್ದೆನೆಂದು ಉಪಸಂಪಾದಕರು ಹೆಡ್‌ಫೋನ್ ಕಿತ್ತರು.

"ಯಾರು ಹೇಳಿದ್ರು ನಿಮಗೆ?"

"ಯಾರೂ ಹೇಳಿಲ್ಲ ಸಾರ್. ಹೋದ ತಿಂಗಳು ಒಂದಿನ ನಿಮ್ಮ ಪರದೆ ಕೆಟ್ಟು ಆರಿಹೋಗಿತ್ತು. ನೀವು ಬರೀತಾನೇ ಇದ್ರಿ."

ಉಪಸಂಪಾದಕರು ಪಕ್ಕದ ಮೇಜಿನವರಿಗೆ ಕೇಳದಂತೆ ದನಿ ತಗ್ಗಿಸಿದರು.

"ಸಂಪಾದಕರಿಗೆ ಗೊತ್ತಾ?"

"ನನ್ನಿಂದ ಗೊತ್ತಾಗಲ್ಲ. ನೀವೇ ಹೇಳಿ. ಕೆಲಸ ಮಾಡಿ ತೋರಿಸ್ತಾ ಹೇಳಿ."

ಸಿದ್ಧವಾಗಿ ಸಿಗುವ ಓದುವ ಪ್ಯಾಕೇಜು ನಮ್ಮ ಒತ್ತಕ್ಷರಗಳನ್ನು ನುಂಗುತ್ತಿತ್ತಂತೆ. ಅದರ ಕೋಡನ್ನು ಬಿಚ್ಚಿ, ಕಟ್ಟಿ, ಕಟ್ಟಿದ್ದು ಮುರಿದಾಗಲೆಲ್ಲ ಮತ್ತೆ ಕಟ್ಟಿ, ಆ ತಿಂಗಳಿಡೀ ಮೇಡಂ ಅದರಲ್ಲೇ ಮುಳುಗಿದ್ದರು.

ಮಧ್ಯಾಹ್ನ ಉಪಸಂಪಾದಕರು ಸಂಪಾದಕರನ್ನು ತಮ್ಮ ಮೇಜಿಗೇ ಕರೆದು, ನಿಜ ಹೇಳಿ, ಒಂದು ಪುಟವನ್ನು ಕಿವಿಯಿಂದಲೇ ತಿದ್ದಿ ತೋರಿಸಿದರು. ಸಂಪಾದಕರು ತಿದ್ದಿದ ಪುಟವನ್ನು ಮೇಲಿಂದ ಕೆಳಗೆ ಓದಿದರು. ಆಮೇಲೆ, "ಈ ಸಂಪುಟ ನೀವೇ ಮುಗಿಸ್ಬೇಕು" ಎಂದಷ್ಟೇ ಹೇಳಿ ಹೊರಟರು. ಆ ಸಂಪುಟ ಮುಗಿಯಿತು, ಮುಂದಿನದೂ ಮುಗಿಯಿತು.

ನಿವೃತ್ತಿ ಹತ್ತಿರವಾದಾಗ ಮೇಡಂ ಮತ್ತೊಂದು ಆಘಾತ ಕೊಟ್ಟರು. ಪ್ಯಾಕೇಜಿನ ಹೊಸ ಆವೃತ್ತಿ ಬಂದಿತ್ತು.

"ಈ ಸಲ ನೀವೇ ಕಟ್ಟಿ ಸಾರ್."

"ನನ್ನ ಕೈಲಾಗಲ್ಲ ಮೇಡಂ."

ಮೇಡಂ ಕೈಕಟ್ಟಿ ಪಕ್ಕದಲ್ಲಿ ಕುಳಿತರು, ಅಷ್ಟೆ. ಉಪಸಂಪಾದಕರೇ ಶುರುಮಾಡಿದರು; ಕಟ್ಟುವ ಕೆಲಸ ನಡುವೆ ನಿಂತಿತು. ಹಳೆಯ ಪ್ಯಾಕೇಜು ದೋಷದ ಸಾಲನ್ನು ಓದಿತು; ಉಪಸಂಪಾದಕರು ಮತ್ತೆ ಮತ್ತೆ ಕೇಳಿ, ಯಾವ ಭಾಗವಿಲ್ಲವೆಂದು ತಿಳಿದು, ಅದನ್ನು ತರಿಸಿ, ಪುನಃ ಕಟ್ಟಿದರು. ಹೊಸ ದನಿ ಕೇಳಿದಾಗ ಅವರು ಹೆಡ್‌ಫೋನ್ ತೆಗೆದು ಮೇಡಂ ಕೈಗಿಟ್ಟರು.

ಮಾನ್ಯ ಮೇಡಂ ಅವರು ಆರೋಗ್ಯದಿಂದ ನೂರು ಕಾಲ ಬಾಳಲಿ. ಮನೆಯಲ್ಲೂ ಅವರ ಕಟ್ಟುವ ಕೆಲಸ ನಿಲ್ಲದಿರಲಿ. ಕಟ್ಟುವಾಗ ಎಲ್ಲಾದರೂ ಸಿಕ್ಕು ಬಿದ್ದರೆ ಸಂಕೋಚವಿಲ್ಲದೆ ಕಚೇರಿಗೆ ಫೋನ್ ಮಾಡಲಿ. ಉಪಸಂಪಾದಕರು ಎತ್ತುತ್ತಾರೆ.