ಹತ್ತು ಕಿಡಕಿಯ ಲೆಕ್ಕ

ನಾನು ಕಲ್ತಿದ್ದು ಸಿವಿಲ್ ಡಿಪ್ಲೊಮಾ. ಶಹಾಪುರದ ಒಂದು ಆಫೀಸಿನ್ಯಾಗ ಕುಂತು ಮಂದಿ ಮನಿ ನಕ್ಷಾ ತೆಗಿತೀನಿ. ಹಿಂಗಾಗಿ ಸುರಪುರದಾಗ ನಮ್ಮ ಹೊಸ ಮನಿ ಕಟ್ಟೋದು ಅಂದಾಗ ನಕ್ಷಾ ನನ್ನ ಕೊಳ್ಳಿಗೇ ಬಿತ್ತು. ನನಗೂ ಅದೇ ಬೇಕಾಗಿತ್ತು. ಹಳಿ ಮನ್ಯಾಗ ಅಡಿಗಿ ಮನಿಗಿ ಕಿಡಕಿನೇ ಇದ್ದಿಲ್ಲ. ಹೊಸದ್ರಾಗ ಒಲಿ ಮುಂದ, ಪೂರ್ವಕ್ಕ, ನಾಲ್ಕು ಫೂಟಿನ ಕಿಡಕಿ ಇಟ್ಟೆ. ಮದಲ ಅದನ್ನ ಬರದು, ಆಮ್ಯಾಲ ಉಳಿದ ಮನಿ ಬರದೆ.

ಮಾವನವ್ರಿಗಿ ಆಯ ಕೂಡಬೇಕು. ಮನಿ ಉದ್ದ ಅಗಲ ಗುಣಿಸಿ ಎಂಟರಿಂದ ಭಾಗಿಸಿದ್ರ ಉಳಿಯೋದೇ ಆಯ. ಬೆಸ ಉಳಿದ್ರ ಛಲೋ, ಸಮ ಉಳಿದ್ರ ಕೆಟ್ಟದ್ದು. ನಮ್ಮದು ಮೂವತ್ತು ನಲವತ್ತರ ಪ್ಲಾಟು, ಏನೂ ಉಳಿಯಂಗಿಲ್ಲ. ಎರಡೂ ಅಳತಿ ಒಂದೊಂದು ಫೂಟು ಕಡಿಮಿ ಮಾಡಿದೆ, ಮೂರು ಉಳೀತು. ಸಿಂಹಾಯ ಅಂದ್ರು. ನಮ್ಮ ಸೊಸಿ ಲೆಕ್ಕದಾಗ ಭಾರಿ ಹುಷಾರಿ ಅಂತ ಓಣಿ ತುಂಬ ಹೇಳ್ಕೊಂತ ಬಂದ್ರು. ನಾನೂ ಉಬ್ಬಿದೆ, ಸುಳ್ಳು ಯಾಕ ಹೇಳ್ಲಿ.

ಮರುದಿನ ಅವ್ರು ನಕ್ಷಾದ ಮ್ಯಾಲ ಬೆರಳಿಟ್ಟು ಕಿಡಕಿ ಎಣಿಸಿದ್ರು. ಹತ್ತು. ಕಿಡಕಿ ಸಮ ಇರಬೇಕು, ಆದ್ರ ಕೊನಿಗಿ ಸೊನ್ನಿ ಬರಬಾರದಂತ. ಒಂದು ತೆಗದ್ರ ಒಂಬತ್ತು, ಅದು ಬೆಸ. ಎಂಟು ಮಾಡು ಅಂದ್ರು. ಹನ್ನೆರಡು ಮಾಡ್ತೀನ್ರಿ ಅಂದೆ. ಮನಿ ಕಟ್ಟಾಕತ್ತೀವೋ ಜರಡಿ ಮಾಡಾಕತ್ತೀವೋ ಅಂತ ಮಾರಿ ಗಂಟು ಹಾಕಿದ್ರು.

ತೆಗಿಯೋ ಎರಡು ಯಾವುವು? ಪಡಸಾಲಿದು ತೆಗಿಯಂಗಿಲ್ಲ, ಬಂದವ್ರು ನೋಡ್ತಾರ. ಮಾವನವ್ರ ಖೋಲಿದು ತೆಗಿಯಂಗಿಲ್ಲ, ಅವ್ರಿಗಿ ಗಾಳಿ ಬೇಕು. ಮೈದುನನ ಖೋಲಿದು ತೆಗದ್ರ ನಾಳಿ ಬರೋ ಅವನ ಹೆಂಡ್ತಿ ಏನಂದಾಳು? ನಮ್ಮ ಖೋಲಿದು ನನ್ನ ಗಂಡ ಬಿಟ್ಟುಕೊಡಲಿಲ್ಲ. ಉಳಿದದ್ದು ದೇವ್ರ ಖೋಲಿದು, ಅಡಿಗಿ ಮನಿದು. ದೇವ್ರು ಬಾಯಿ ಬಿಡಲಿಲ್ಲ. ನಾನು ಬಿಟ್ಟೆ. ನೆಲದ ಹತ್ತರಾಗ ಒಂದು ಪಾಲಾದ್ರೂ ಕಿಡಕಿ ಇರಬೇಕ್ರಿ, ಅದೂ ಲೆಕ್ಕನೇ, ಅಂದೆ. ಅದು ಪುಸ್ತಕದ ಲೆಕ್ಕ ಅಂದ್ರು. ಹೊಗಿ ಹೋಗೋ ಫ್ಯಾನಿಗಿ ಒಂದು ತೂತಾದ್ರೂ ಇಡೂಣು ಅಂತ ನನ್ನ ಗಂಡ ಅಂದ. ಮಾವನವ್ರು ಘಳಿಗಿ ವಿಚಾರ ಮಾಡಿ, ತೂತೂ ಎಣಿಕಿಗಿ ಬರ್ತದ, ಒಂಬತ್ತಾಗ್ತದ ಅಂದ್ರು. ಗಂಡ ಫೋನ್ ನೋಡ್ಕೊಂತ ಕುಂತ.

ಅತ್ತ್ಯಾರ ಕಡಿ ತಿರುಗಿದೆ. ತಿಂಥಣಿ ಹೊಳಿ ದಂಡಿ ಗಾಳ್ಯಾಗ ಬೆಳದವ್ರು, ಹಳಿ ಅಡಿಗಿ ಮನ್ಯಾಗ ಹೊಗಿ ಕುಡದು ಕೆಮ್ಮು ಹಚ್ಚಿಕೊಂಡವ್ರು. ಅವ್ರು ಒಂದು ಮಾತು ಆಡಿದ್ರ ಸಾಕಿತ್ತು.

"ಅಡಿಗಿ ಮಾಡೋರು ಹೊರಗ ಏನ್ ನೋಡೋದದ, ಬಿಡವಾ," ಅಂದ್ರು.

ನನಗ ಅಳು ಬರಲಿಲ್ಲ, ಮೈಯೆಲ್ಲಾ ಉರೀತು. ಆ ಸಿಟ್ಟಿನ್ಯಾಗೇ ಕಿಡಕಿ ಅಳಿಸಿ ಗೋಡಿ ಗೆರಿ ಕೂಡಿಸಿದೆ. ನನ್ನ ಬಿಟ್ರ ಬರಿಯೋರು ಮನ್ಯಾಗ ಯಾರಿದ್ರು?

ಈಗ ಅಲ್ಲೇ ಇದೀವಿ. ಐತವಾರ ಮಟಮಟ ಮಧ್ಯಾಹ್ನಾನೂ ಲೈಟ್ ಹಚ್ಚಿಕೊಂಡು ರೊಟ್ಟಿ ಬಡೀತೀನಿ. ಕರೆಂಟ್ ಹೋದ್ರ ನನ್ನ ಕೈ ನನಗ ಕಾಣಂಗಿಲ್ಲ. ಒಲಿ ಮುಂದಿನ ಗೋಡಿಗಿ ಹಲಗಿ ಹೊಡದು ಮಸಾಲಿ ಡಬ್ಬಿ ಇಟ್ಟೀವಿ. ಉಸಿರು ಕಟ್ಟಿದಂಗಾಗಿ ಹಿತ್ತಲಕ್ಕ ಓಡಿ ಹೋಗಿ ನಿಂತು ಬರ್ತೀನಿ, ಅಷ್ಟ್ರಾಗ ರೊಟ್ಟಿ ಹೊತ್ತಿರ್ತದ.

ಹ್ವಾದ ಬ್ಯಾಸಗ್ಯಾಗ ಮಾವನವ್ರು ಚಾ ಕೇಳ್ಕೊಂತ ಒಳಗ ಬಂದ್ರು. ಕಪ್ ತುಂಬೋ ತನಕ ನಿಂತು, ಟಾವೆಲ್ಲಿನಿಂದ ಕೊಳ್ಳ ಒರಸ್ಕೊಂಡ್ರು.

"ಏನ್ ಧಗಿ ಅದವಾ ಇಲ್ಲಿ. ಹೆಂಗ ನಿಂದರ್ತಿ?" ಅಂದ್ರು. ಖರೇನೇ ಮರುಗಿ ಕೇಳಿದ್ರು. ಆಮ್ಯಾಲ ಕಪ್ ಹಿಡ್ಕೊಂಡು ತಮ್ಮ ಖೋಲಿಗಿ ಹೋಗಿ, ಎರಡೂ ಕಿಡಕಿ ತೆರದು ಕುಂತ್ರು.